‘ಆರಾಮ’ ಎಂದು ಬರೆದ ಮೂರು ದಿನ

ಮೊದಲ ದಿನವೇ ಹೊಸ ನರ್ಸುಗಳಲ್ಲಿ ಒಬ್ಬಳನ್ನು ಖಾಲಿ ಮಂಚದ ಮೇಲೆ ಮಲಗಿಸಿ, ಅವಳ ಕನ್ನಡಕ ಕಿತ್ತುಕೊಂಡು, ಎರಡೂ ಕಿವಿಗೆ ಹತ್ತಿ ತುರುಕಿದೆ. ಸಲಾಯಿನ್ ನಳಿಕೆಯನ್ನು ಸುಮ್ಮನೆ ಕೈಗೆ ಪಟ್ಟಿ ಹಾಕಿ ಅಂಟಿಸಿದೆ. ಉಳಿದ ಮೂವರಿಗೆ ಮಂಚದ ಸುತ್ತ ನಿಂತು ಒಬ್ಬರಿಗೊಬ್ಬರು ಮಾತಾಡಲು ಹೇಳಿದೆ, ಆದರೆ ಮಲಗಿದವಳ ಜೊತೆ ಒಂದು ಮಾತೂ ಆಡಬಾರದು. ಐದು ನಿಮಿಷವೂ ಆಗಿರಲಿಲ್ಲ, ಹುಡುಗಿ ಎದ್ದು ಕೂತಳು.

"ಅಕ್ಕಾರ, ಸಾಕ್ರಿ. ನನಗ ಅಳು ಬರಾಕತ್ತೈತಿ."

"ನಿನಗ ಜ್ವರ ಇಲ್ಲ, ನೋವಿಲ್ಲ, ಆಪರೇಶನ್ ಆಗಿಲ್ಲ. ಐದ ನಿಮಿಷಕ್ಕ ಹಿಂಗಂದ್ರ ಎಪ್ಪತ್ತು ವರ್ಷದವರಿಗೆ ಹೆಂಗಾಗಬ್ಯಾಡ?" ಎಂದೆ.

ಅದು ನನ್ನ ಪಾಠದ ಶುರು. ಹಾವೇರಿಯ ಒಂದು ಆಸ್ಪತ್ರೆಯಲ್ಲಿ, ಆಪರೇಶನ್ ಆದವರನ್ನೂ ಜೋರು ಜ್ವರದವರನ್ನೂ ಇಡುವ ಹತ್ತು ಹಾಸಿಗೆಯ ವಾರ್ಡಿಗೆ ನಾನು ಹಿರಿಯ ನರ್ಸು, ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಗಂಡಸರ ಕಡೆ, ಹೆಂಗಸರ ಕಡೆ ಎಂದು ನಡುವೆ ಒಂದು ಹಸಿರು ಪರದೆ, ಅಷ್ಟೇ. ಆ ಚಳಿಗಾಲ ಅಲ್ಲಿಗೆ ನಾಲ್ವರು ಹೊಸಬರು ಬಂದರು. ಅವರಿಗೆ ಡೆಲಿರಿಯಮ್ ಆದ ರೋಗಿಗಳನ್ನು ನೋಡಿಕೊಳ್ಳುವುದನ್ನು ಕಲಿಸಬೇಕು ಎಂದು ಡಾಕ್ಟರು ನನಗೆ ಹೇಳಿದ್ದರು. ಹಳಬರು ಇದನ್ನು ಸನ್ನಿ ಎನ್ನುತ್ತಿದ್ದರು. ಜ್ವರಕ್ಕೋ, ಆಪರೇಶನ್ನಿಗೋ, ಯಾವುದೋ ಮಾತ್ರೆಗೋ ವಯಸ್ಸಾದವರ ತಲೆ ಒಂದೆರಡು ದಿನದಲ್ಲಿ ಕಲಸಿಹೋಗುತ್ತದೆ. ಎಲ್ಲಿದ್ದೇನೆ, ಯಾವ ಹೊತ್ತು, ಎದುರಿಗಿರುವವರು ಯಾರು ಎಂಬುದು ತಪ್ಪುತ್ತದೆ. ಮನೆಯವರು ಹುಚ್ಚು ಹಿಡಿಯಿತೆಂದು ಹೆದರುತ್ತಾರೆ, ಕೆಲವರು ಗಾಳಿ ಸೋಕಿದೆ ಎಂದು ನಿಂಬೆಹಣ್ಣು ತರುತ್ತಾರೆ. ನಿಂಬೆಹಣ್ಣಿಗೆ ನನ್ನ ತಕರಾರಿಲ್ಲ, ಶರಬತ್ತು ಮಾಡಿ ಕುಡಿಸಿ ಎನ್ನುತ್ತೇನೆ. ಕಾರಣ ಹುಡುಕಿ ತೆಗೆದರೆ ಬಹಳಷ್ಟು ಮಂದಿ ತಿಳಿಯಾಗುತ್ತಾರೆ. ತಡವಾದರೆ ಕೆಲವರು ಮೊದಲಿನ ಹಾಗೆ ಮರಳುವುದೇ ಇಲ್ಲ.

ನಮ್ಮ ಪುಣ್ಯಕ್ಕೆ ಪಾಠಕ್ಕೆ ಸರಿಯಾದ ಒಬ್ಬ ರೋಗಿ ಆಗಲೇ ವಾರ್ಡಿನಲ್ಲಿದ್ದರು. ಗಳಗನಾಥದ ಕಡೆಯ ಯಜಮಾನರು. ಒಂದು ಕಾಲಕ್ಕೆ ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸಿದವರು, ಈಗ ಎದೆಯಲ್ಲಿ ಕಫ ಕಟ್ಟಿ ಜ್ವರದಲ್ಲಿ ಬಂದಿದ್ದರು. ಅವರಿಗೆ ಮಂಚವೇ ಹರಿಗೋಲು. ನಾವು ಯಾರಾದರೂ ಅಂಚಿಗೆ ಒರಗಿದರೆ ಸಾಕು, ಇಡೀ ವಾರ್ಡು ಕೇಳುವಂತೆ ಕೂಗುವರು.

"ಏ, ಎಲ್ಲಾರೂ ಒಂದ ಬಾಜೂ ಭಾರ ಹಾಕಬ್ಯಾಡ್ರಲೇ! ಮಗಚಿತು ಅಂದ್ರ ನಿಮ್ಮವ್ವಗ ನಾ ಏನ್ ಹೇಳ್ಲಿ?"

ಹುಡುಗಿಯರು ಮೊದಲು ನಕ್ಕರು, ಆಮೇಲೆ ಹೆದರಿದರು. ಬ್ಯಾಡಗಿಯವಳು, ಸ್ವಲ್ಪ ಧೈರ್ಯದವಳು, "ಯಜಮಾನ್ರ, ಇದು ಹೊಳಿ ಅಲ್ರಿ, ಸುಮ್ಮನ ಮಕ್ಕೋರಿ" ಎಂದು ವಾದಕ್ಕೆ ನಿಂತಳು. ಅವರು ಸಿಟ್ಟಿಗೆದ್ದು ನಳಿಕೆ ಕಿತ್ತೆಸೆದರು. ಇನ್ನೊಬ್ಬಳು ಉಲ್ಟಾ ಹೋಗಿ "ಹೌದ್ರಿ, ಹೊಳಿ ದಂಡಿ ಬಂತು ನೋಡ್ರಿ" ಎಂದಳು. ಅವರು ಇಳಿಯಲು ಕಾಲು ಕೆಳಗಿಟ್ಟೇಬಿಟ್ಟರು, ನಾನು ಓಡಿ ಹೋಗಿ ಹಿಡಿದೆ. ವಾದವೂ ಬೇಡ, ನಾಟಕವೂ ಬೇಡ ಎಂದು ಅವರಿಬ್ಬರಿಗೂ ಅಲ್ಲೇ ಬೈದೆ. ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಬಗ್ಗಿ, ಹೆಸರು ಹೇಳಿ, ಒಂದು ಸಲಕ್ಕೆ ಒಂದೇ ಮಾತು: "ಇದು ಹಾವೇರಿ ಆಸ್ಪತ್ರಿ. ನಿಮಗ ಜ್ವರ ಬಂದೈತಿ. ನಾ ಇಲ್ಲೇ ಅದೀನಿ." ಹತ್ತು ಸಲ ಹೇಳಬೇಕಾದರೆ ಹತ್ತು ಸಲ. ಕೈ ಕಟ್ಟುವುದು ಕೂಡದು. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಇದ್ದರೆ ಹಾಕಿಯೇ ಇರಬೇಕು. ಹಗಲು ಕಿಟಕಿ ತೆರೆದಿರಬೇಕು, ರೋಗಿ ಕುರ್ಚಿಯಲ್ಲಿ ಕೂತಿರಬೇಕು, ಗಡಿಯಾರ ಕಾಣಬೇಕು.

ನಾಲ್ಕು ಜನ ಪಾಳಿ ಹಾಕಿಕೊಂಡು ದುಡಿದರು. ಜ್ವರ ಇಳಿದ ಮೇಲೆ ಒಂದು ಬೆಳಿಗ್ಗೆ ಯಜಮಾನರು ಮಂಚದ ಕಂಬಿಯನ್ನು ತಟ್ಟಿ ನೋಡಿ, "ಕಬ್ಬಿಣದ್ದೈತಲ್ಲ ಇದು?" ಎಂದು ನಾಚಿಕೊಂಡು ನಕ್ಕರು. ಹುಡುಗಿಯರ ಮುಖ ನೋಡಬೇಕಿತ್ತು. ನಾನು ಎಲ್ಲರಿಗೂ ಚಹಾ ತರಿಸಿದೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆ ಹೊತ್ತಿನಲ್ಲಿ ನನ್ನಷ್ಟು ಬುದ್ಧಿವಂತೆ ರಾಣೆಬೆನ್ನೂರಿನಿಂದ ಹಾವೇರಿಯ ತನಕ ಯಾರೂ ಇರಲಿಲ್ಲ.

ಪರದೆಯ ಈಚೆ, ಏಳನೇ ಹಾಸಿಗೆಯಲ್ಲಿ, ಬ್ಯಾಡಗಿಯ ಒಬ್ಬ ಅಜ್ಜಿ ಇದ್ದರು. ಮೆಣಸಿನಕಾಯಿ ಅಂಗಳದಲ್ಲಿ ಕುಳಿತು ತೊಟ್ಟು ಬಿಡಿಸಿ, ಬಣ್ಣ ನೋಡಿ ಕಾಯಿ ಬೇರೆ ಮಾಡುವ ಕೆಲಸದವರು. ಚೀಲದ ಮೇಲಿಂದ ಜಾರಿ ಬಿದ್ದು ತೊಡೆಯ ಮೇಲಿನ ಎಲುಬು ಮುರಿದಿತ್ತು, ಆಪರೇಶನ್ ಆಗಿತ್ತು. ಮೊದಲ ಎರಡು ದಿನ ಅವರ ಬಾಯಿಗೆ ಸಿಗದವರಿಲ್ಲ. ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವಳು ಗುತ್ತಲದ ಹುಡುಗಿ. ನಾಲ್ವರಲ್ಲಿ ಅವಳೇ ಸಣ್ಣವಳು, ಮಾತು ಕಮ್ಮಿ.

"ಏನವಾ, ಜಡಿ ಹಾಕ್ಕೊಂಡೀಯೋ, ಕಸಬರಿಗಿ ಕಟ್ಕೊಂಡೀಯೋ? ನಿಮ್ಮವ್ವ ಎಣ್ಣಿ ತೋರಿಸಿಲ್ಲೇನು?" ಎಂದು ಅಜ್ಜಿ ಕಂಡಾಗಲೆಲ್ಲ ಕೇಳುವರು. ಹುಡುಗಿ ತಲೆ ಬಗ್ಗಿಸಿ ನಗುತ್ತ ಬಿಪಿ ನೋಡುವಳು.

ಯಜಮಾನರ ಜ್ವರ ಇನ್ನೂ ಇಳಿಯದ ದಿನಗಳವು, ಹರಿಗೋಲಿನ ಕೂಗಾಟಕ್ಕೆ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಮೈ ತುರಿಸುತ್ತದೆ ಎಂದೂ ಹೇಳಿದರು. ನಾನೇ ಡಾಕ್ಟರಿಗೆ ಹೇಳಿ, ತುರಿಕೆಗೂ ಆಗುವ, ನಿದ್ದೆಯನ್ನೂ ತರಿಸುವ ಒಂದು ಮಾತ್ರೆ ಬರೆಸಿದೆ. ಮರುದಿನದಿಂದ ಅಜ್ಜಿ ತಣ್ಣಗಾದರು. ಬೈಗುಳವಿಲ್ಲ, ತಕರಾರಿಲ್ಲ. ರೌಂಡಿಗೆ ಹೋಗಿ "ಆರಾಮೇನ್ರಿ ಅಜ್ಜಿ?" ಎಂದರೆ "ಆರಾಮ್ರಿ." "ಊಟ ಆತೇನ್ರಿ?" "ಆತ್ರಿ." "ನಿದ್ದಿ ಬಂತೇನ್ರಿ?" "ಬಂತ್ರಿ." "ಬಾತ್‌ರೂಮ್ ಆತೇನ್ರಿ?" "ಆತ್ರಿ." ನಾನು ಕಾಗದದ ಮೇಲೆ ಬರೆದೆ: ಆರಾಮ. ಮರುದಿನವೂ ಆರಾಮ, ಅದರ ಮರುದಿನವೂ ಆರಾಮ. "ಪೇಶಂಟ್ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಹುಡುಗಿಯರಿಗೆ ಹೇಳಿದ್ದೂ ನಾನೇ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಆ ಮೂರನೆಯ ಆರಾಮ ಬರೆದ ದಿನವೇ ಅಜ್ಜಿಗೆ ಡಿಸ್ಚಾರ್ಜ್. ಬೆಳಿಗ್ಗೆಯೇ ನರ್ಸಿಂಗ್ ಕಾಗದಕ್ಕೆ ಸಹಿ ಹಾಕಿದೆ. ಮಗ ಮೋಟೆಬೆನ್ನೂರಿನ ನೆಂಟರ ಗಾಡಿ ಇಸಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದ್ದ. ಸೊಸೆ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಆಗ ಗುತ್ತಲದ ಹುಡುಗಿ ನನ್ನ ಮೇಜಿನ ಮುಂದೆ ಬಂದು ನಿಂತಳು. ಅವಳ ಜಡೆ ಬಿಚ್ಚಿತ್ತು.

"ಇದೇನ ಅವತಾರ? ವಾರ್ಡಿನ್ಯಾಗ ತಲಿ ಬಿಚ್ಚಿಕೊಂಡ ಬರ್ತಾರೇನು?" ಎಂದು ಗದರಿದೆ.

"ಅಕ್ಕಾರ, ಅಜ್ಜಿ ಮೂರ ದಿನಾ ಆತ್ರಿ ನನಗ ಬೈದಿಲ್ಲ."

"ಬೈಸಿಕೊಳ್ಳೋದು ನಿನಗೇನ್ ಚಟಾನ?"

"ಹಂಗಲ್ರಿ. ಈಗ ಬೇಕಂತನ ಜಡಿ ಬಿಚ್ಚಿ ಅಜ್ಜಿ ಮುಂದ ನಿಂತೇನ್ರಿ. ನನ್ನ ನೋಡಿದ್ರು, ಏನೂ ಅನ್ನಲಿಲ್ಲ. ಖರೇನ ಅವರಿಗೆ ಆರಾಮಿಲ್ರಿ."

ನನಗೆ ಸಿಟ್ಟು ಬಂತು. ಕಲಿಯಲು ಬಂದು ಹದಿನೈದು ದಿನವಾದವಳು ನನಗೆ ಆರಾಮ ಅಂದರೇನು ಎಂದು ಕಲಿಸುವುದೇ? ಹೋಗಿ ಕೆಲಸ ನೋಡು ಎಂದೆ. ಅವಳು ಹೋಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, "ಒಂದ ಸಲ ಬರ್ರಿ ಅಕ್ಕಾರ. ಆಮ್ಯಾಲೆ ಬೇಕಾರ ಬೈರಿ" ಎಂದು ಅಲ್ಲೇ ನಿಂತಳು. ಅವಳ ಬಾಯಿ ಮುಚ್ಚಿಸಲೆಂದೇ ಎದ್ದು ಹೋದೆ.

ಅಜ್ಜಿ ದಿಂಬಿಗೆ ಒರಗಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು. "ಆರಾಮೇನ್ರಿ ಅಜ್ಜಿ?" ಎಂದೆ, ಅಭ್ಯಾಸ ನೋಡಿ. "ಆರಾಮ್ರಿ" ಎಂದರು. ಹುಡುಗಿಯ ಕಡೆ, ಕೇಳಿಸಿತಾ ಎಂಬಂತೆ ನೋಡಿದೆ. ಅವಳು ಅಲುಗಲಿಲ್ಲ. ಸರಿ, ನಾನೇ ಹುಡುಗಿಯರಿಗೆ ಕಲಿಸಿದ್ದ ಪರೀಕ್ಷೆಯನ್ನು ಹಿಡಿದೆ. ವಾರದ ದಿನಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿ ಎಂದೆ, ರವಿವಾರ, ಶನಿವಾರ, ಮುಂದೆ ಹೇಳಿ.

"ಆತ್ರಿ" ಎಂದರು ಅಜ್ಜಿ.

"ಏನ್ ಆತ್ರಿ?"

"ಊಟ ಆತ್ರಿ."

ಬಗ್ಗಿ, ಅವರ ಮುಖದ ಹತ್ತಿರ ಬಂದು, ಪರೀಕ್ಷೆಯ ಕೊನೆಯ ಪ್ರಶ್ನೆ ಕೇಳಿದೆ.

"ಅಜ್ಜಿ, ಕಲ್ಲು ನೀರಾಗ ತೇಲತೈತೇನ್ರಿ?"

"ಹೂಂನ್ರಿ" ಎಂದರು, ಬಹಳ ಮರ್ಯಾದೆಯಿಂದ. "ತೇಲತೈತ್ರಿ."

ಸೊಸೆಯ ಕೈಯಿಂದ ಚೀಲ ಕೆಳಗೆ ಜಾರಿತು. ಹೊದಿಕೆ ಸರಿಸಿ ಹೊಟ್ಟೆ ಮುಟ್ಟಿ ನೋಡಿದೆ. ಹೊಕ್ಕುಳದ ತನಕ ಬಿಗಿದು ಗಟ್ಟಿಯಾಗಿತ್ತು. ಮೂತ್ರ ಹೋಗಿ ಎಷ್ಟು ಹೊತ್ತಾಗಿತ್ತೋ ಏನೋ. ನಾಲಿಗೆ ಒಣಗಿ ಕಟ್ಟಿಗೆಯಾಗಿತ್ತು.

ಸನ್ನಿಗೆ ಎರಡು ಮುಖ. ಒಂದು ಕೂಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಸುಮ್ಮನಿರುವುದೇ ಹೆಚ್ಚು ಕಣ್ಣು ತಪ್ಪಿಸುವಂಥದ್ದು ಎಂದು ಎರಡನೆಯ ದಿನದ ಪಾಠದಲ್ಲಿ ನಾನೇ ಹೇಳಿಕೊಟ್ಟಿದ್ದೆ. ಹುಡುಗಿಯರು ವಹಿಯಲ್ಲಿ ಬರೆದುಕೊಂಡೂ ಇದ್ದರು. ಆದರೆ ನಮ್ಮ ಕಡೆಯವರ ಬಾಯಿಗೆ ನಾನೇ ಮೋಸ ಹೋಗಿದ್ದೆ. ಇಲ್ಲಿ ಯಾರಾದರೂ "ಆರಾಮ?" ಎಂದರೆ ಆರಾಮ ಎನ್ನುವುದೇ ರೀತಿ, ಕಾಲು ಮುರಿದಿದ್ದರೂ. "ಊಟ ಆತ?" ಎಂದರೆ ಆತ್ರಿ ಎನ್ನಬೇಕು, ಇಲ್ಲ ಎಂದರೆ ಕೇಳಿದವರು ತಾಟು ಹಾಕಬೇಕಾಗುತ್ತದೆ. ಅದು ಉತ್ತರವಲ್ಲ, ಮರ್ಯಾದೆ. ಬುದ್ಧಿ ಪೂರ್ತಿ ಕಲಸಿಹೋದ ಮೇಲೂ ಅಜ್ಜಿಯಲ್ಲಿ ಆ ಮರ್ಯಾದೆ ಒಂದು ಉಳಿದಿತ್ತು. ಅದನ್ನು ನಾನು ಮೂರು ದಿನ ಆರೋಗ್ಯ ಎಂದು ಬರೆದಿದ್ದೆ.

ಊಟದ ಕತೆ ಆಮೇಲೆ ಬಿಚ್ಚಿತು. ಮೆಣಸಿನಕಾಯಿ ಸೀಜನ್ನು, ಸೊಸೆ ಮಧ್ಯಾಹ್ನ ಅಂಗಳದಿಂದ ಡಬ್ಬಿ ಹಿಡಿದು ಓಡಿ ಬರುವಳು. ಅತ್ತೆ "ಆತವಾ" ಎನ್ನುವರು. ಆಸ್ಪತ್ರೆಯ ಊಟ ಮಾಡಿದ್ದಾರೆ ಎಂದುಕೊಂಡು ಅವಳು ಡಬ್ಬಿ ಒಯ್ಯುವಳು. ಇತ್ತ ನಾವು ಕೇಳಿದರೂ "ಆತ್ರಿ". ಮನೆಯ ಡಬ್ಬಿ ಉಂಡಿದ್ದಾರೆ ಎಂದುಕೊಂಡು ನಾವು ತಾಟು ಎತ್ತುತ್ತಿದ್ದೆವು. ರಾತ್ರಿ ಜೊತೆಗಿದ್ದ ಮಗ ಕೊಟ್ಟ ಅರ್ಧ ಲೋಟ ಹಾಲಿನ ಮೇಲೆ ಅವರು ಬದುಕಿದ್ದರು.

ಮಗ ಅವಸರದಲ್ಲಿ ಒಳಗೆ ಬಂದ. "ಗಾಡಿ ನಿಂತೈತ್ರಿ ಸಿಸ್ಟರ್, ಬಿಡತೀರೇನ್ರಿ?"

ಒಂದು ಕ್ಷಣ ನನಗೆ ಕೆಟ್ಟ ಬುದ್ಧಿ ಹೊಳೆಯಿತು, ಸುಳ್ಳೇಕೆ ಹೇಳಲಿ. ಈಗಷ್ಟೇ ಹೀಗಾಗಿದೆ ಎಂದರೆ ಮುಗಿಯಿತು. ಬೆಳಿಗ್ಗೆ ಚೆನ್ನಾಗಿದ್ದರು, ಇದ್ದಕ್ಕಿದ್ದಂತೆ ಕೆಟ್ಟಿತು ಎಂದರೆ ಯಾರು ಕೇಳುತ್ತಾರೆ? ಆದರೆ ಹಾಗೆ ಹೇಳಿದರೆ ಡಾಕ್ಟರು ಇವತ್ತಿನ ಕಾರಣ ಹುಡುಕುತ್ತಾರೆ, ಮೂರು ದಿನದ ಹಿಂದಿನ ಮಾತ್ರೆಯನ್ನು ಹುಡುಕುವುದಿಲ್ಲ. ಹುಡುಗಿಯರು ನಾಲ್ವರೂ ನನ್ನನ್ನೇ ನೋಡುತ್ತಿದ್ದರು. ಕಾಗದ ತೆಗೆದುಕೊಂಡು ನನ್ನ ಸಹಿಯ ಮೇಲೆ ಗೀಟು ಎಳೆದೆ.

"ಇಲ್ಲಪ್ಪ, ಬಿಡಂಗಿಲ್ಲ. ನಿಮ್ಮವ್ವಗ ಮೂರ ದಿನದಿಂದ ಆರಾಮಿಲ್ಲ. ನಾ ನೋಡಲಾರದ ಬರದೇನಿ. ತಪ್ಪು ನಂದು."

ಆತನ ಮುಖ ಕೆಂಪಾಯಿತು. "ದಿನಾ ನೀವ ಹೇಳಿದ್ರಲ್ರಿ ಆರಾಮ ಅಂತ! ಮನಿಗೆ ಹೋದ ಮ್ಯಾಲೆ ಏನರ ಆಗಿದ್ರ?" ಎಂದ. ಸೊಸೆ ಸೆರಗು ಬಾಯಿಗೊತ್ತಿ ಅಳಲು ಶುರು ಮಾಡಿದಳು. "ನಮ್ಮತ್ತಿ ನನಗ ಬೈಲಾರದ ಒಂದ ದಿನಾ ಇದ್ದೋರಲ್ರಿ. ಆಸ್ಪತ್ರಿಗೆ ಬಂದ ಮ್ಯಾಲೆ ಶಾಂತ ಆಗ್ಯಾರ ಅಂತ ನಾ ಖುಷಿ ಪಟ್ಟೇನ್ರಿ. ಎಂಥಾಕಿ ನೋಡ್ರಿ ನಾನು." ಅವಳನ್ನು ಹಿಡಿದುಕೊಂಡು, ನಾವಿಬ್ಬರೂ ಒಂದೇ ತಪ್ಪು ಮಾಡಿದವರು ಎಂದೆ.

ಡಾಕ್ಟರು ಬಂದರು. "ಸಿಸ್ಟರ್, ಬೆಳಿಗ್ಗೆ ನೀವೇ ಬರೆದಿದ್ದೀರಲ್ಲ?" ಎಂದು ಕೇಳಿದರು. "ಬರದೇನ್ರಿ. ಆ ಮಾತ್ರೆ ಬರೆಸಿದಾಕಿನೂ ನಾನ" ಎಂದೆ. ಮೂತ್ರಕ್ಕೆ ನಳಿಕೆ ಹಾಕಿದಾಗ ಅದರ ಚೀಲ ತುಂಬುತ್ತಲೇ ಹೋಯಿತು. ಆ ಮಾತ್ರೆ ವಯಸ್ಸಾದವರಲ್ಲಿ ಮೂತ್ರವನ್ನೂ ಕಟ್ಟುತ್ತದೆ, ತಲೆಗೂ ಮಂಕು ಕವಿಸುತ್ತದೆ. ಕಟ್ಟಿದ ಮೂತ್ರಕ್ಕೆ ಸೋಂಕು ಹತ್ತಿತ್ತು, ಅದರ ಮೇಲೆ ಉಪವಾಸ. ಮಾತ್ರೆ ನಿಲ್ಲಿಸಿದರು, ಸಲಾಯಿನ್ ಹಚ್ಚಿದರು, ಸೋಂಕಿಗೆ ಇಂಜೆಕ್ಷನ್ ಬರೆದರು. ಹೊರಗೆ ಕರೆದು ಮಗನಿಗೆ ಹೇಳಿದರು: ತಿಳಿಯಾಗಬಹುದು, ಆದರೆ ಮೊದಲಿನ ಹಾಗೆಯೇ ಆಗುತ್ತಾರೆ ಎಂದು ಮಾತು ಕೊಡಲಾರೆ, ತಡವಾಗಿದೆ. ಆ ಕೊನೆಯ ಮಾತು ನನಗೂ ಕೇಳಲಿ ಎಂದೇ ಹೇಳಿದಂತಿತ್ತು.

ಅಂದು ಮಧ್ಯಾಹ್ನ ನಾಲ್ವರನ್ನೂ ಕೂಡಿಸಿಕೊಂಡು ಪಾಠ ಬದಲಿಸಿದೆ. ಇನ್ನು ಮೇಲೆ ವಾರ್ಡಿನಲ್ಲಿ ಹೂಂ ಎಂದು ಮುಗಿಸಬಹುದಾದ ಯಾವ ಪ್ರಶ್ನೆಯೂ ಬೇಡ. ಆರಾಮ, ಊಟ, ನಿದ್ದೆ, ಮೂರೂ ಬಂದ್. ಊಟ ಆಯಿತೇ ಎಂದು ಕೇಳುವುದಲ್ಲ, ತಾಟು ನೋಡುವುದು. ಎಷ್ಟು ತುತ್ತು ಹೋಯಿತೆಂದು ಬರೆಯುವುದು. ಮೂತ್ರ ಆಯಿತೇ ಎಂದಲ್ಲ, ಅಳೆಯುವುದು. ಕಂಡದ್ದನ್ನು ಬರೆಯಬೇಕು, ಕೇಳಿದ್ದನ್ನಲ್ಲ. ಮನೆಯವರನ್ನು "ಹೆಂಗದಾರ?" ಎಂದು ಕೇಳದೆ, "ಮನ್ಯಾಗ ಮಾಡ್ತಿದ್ದದ್ದು ಇಲ್ಲಿ ಏನ್ ಮಾಡವಲ್ರು?" ಎಂದು ಕೇಳಬೇಕು.

ಬ್ಯಾಡಗಿಯ ಹುಡುಗಿ ಕಂಗಾಲಾದಳು. "ಹಿರ್ಯಾರ ಮುಂದ ಹೋಗಿ ಆರಾಮೇನ್ರಿ ಅನ್ನಲಾರದ ಮಾತು ಹೆಂಗ ಶುರು ಮಾಡೋದ್ರಿ ಅಕ್ಕಾರ? ಉದ್ಧಟ ಅಂತಾರ."

"ಅನ್ನಲಿ. ಕೈ ಮುಗದ ಶುರು ಮಾಡು."

ತಪ್ಪಿ ಆರಾಮ ಎಂದವರು ಎಲ್ಲರಿಗೂ ಗಿರಮಿಟ್ ತಿನ್ನಿಸಬೇಕು ಎಂದು ಅವರೇ ನಿಯಮ ಮಾಡಿಕೊಂಡರು. ಮೊದಲ ದಿನವೇ ಎರಡು ಸಲ ಸಿಕ್ಕಿಬಿದ್ದವಳು ನಾನು.

ಅಜ್ಜಿಯ ಹಾಸಿಗೆಯನ್ನು ಗುತ್ತಲದ ಹುಡುಗಿಗೆ ಒಪ್ಪಿಸಿದೆ. ಮುಖ ಬದಲಾದಷ್ಟೂ ತಲೆ ಕಲಸುತ್ತದೆ, ಹಗಲೆಲ್ಲ ಒಬ್ಬಳೇ ಇರಲಿ ಎಂದು. ಅವಳು ಮೊದಲು ಕೇಳಿದ್ದು ಅಜ್ಜಿಗೆ ಕನ್ನಡಕ ಇದೆಯೇ ಎಂದು. ಇತ್ತು, ಬ್ಯಾಡಗಿಯ ಮನೆಯ ಗೂಡಿನಲ್ಲಿ. "ಆಸ್ಪತ್ರಿಯೊಳಗ ಕಳೀತಾವ ಅಂತ ಇಟ್ಟ ಬಂದೇವ್ರಿ" ಎಂದಳು ಸೊಸೆ. ಮಗ ಅದೇ ಗಾಡಿಯಲ್ಲಿ ಹೋಗಿ ತಂದ. ಚಮಚದಿಂದ ಗಂಜಿ, ಅರ್ಧ ತಾಸಿಗೊಮ್ಮೆ ನೀರು. ಇಬ್ಬರು ಹಿಡಿದು ಎಬ್ಬಿಸಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂಡಿಸುವುದು. ಹುಡುಗಿ ಅಜ್ಜಿಯ ಎದುರು ಕೂತು ಹೇಳುತ್ತಲೇ ಇದ್ದಳು: ಇದು ಹಾವೇರಿ, ಇವತ್ತು ಮಂಗಳವಾರ, ನಿಮ್ಮ ಕಾಲಿಗೆ ಆಪರೇಶನ್ ಆಗೈತಿ, ನಾ ಇಲ್ಲೇ ಅದೀನ್ರಿ. ಅಜ್ಜಿ "ಹೂಂನ್ರಿ" ಎನ್ನುತ್ತಲೇ ಇದ್ದರು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಎರಡನೆಯ ಸಂಜೆ ಅವರು ಸೊಸೆಯನ್ನು "ನೀವು ಯಾರ್ರಿ?" ಎಂದು ಕೇಳಿದರು. ನಾನು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮೂರನೆಯ ದಿನ ಬೆಳಿಗ್ಗೆ ನಾನು ಬರುವಾಗ ವಾರ್ಡಿನ ಬಾಗಿಲಲ್ಲೇ ಸದ್ದು ಕೇಳಿಸಿತು.

"ಇದಕ ಯಾವ ಕಾಯಿ ಹಾಕೀರಿ? ಬಣ್ಣ ಇಲ್ಲ ಏನಿಲ್ಲ, ಬರೇ ಖಾರ! ಬ್ಯಾಡಗಿ ಇಷ್ಟ ಸನೇಕ ಇಟ್ಕೊಂಡು ಇಂಥಾ ಸಾರ ಮಾಡ್ತಾರಂದ್ರ ನಾಚಿಕಿ ಬರಂಗಿಲ್ಲೇನು? ಏ, ನೀ ಯಾಕ ಅಳಾಕತ್ತೀದಿ? ಅಂಗಳಕ್ಕ ಹೋಗೂದಿಲ್ಲೇನು? ಕೆಲಸಗಳ್ಳಿ!"

ಸೊಸೆ ಮಂಚದ ಪಕ್ಕ ನಿಂತು, ಬೈಸಿಕೊಳ್ಳುತ್ತ, ಎರಡೂ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗುತ್ತಲದ ಹುಡುಗಿ ತಾಟು ಹಿಡಿದುಕೊಂಡು ಹಲ್ಲು ಕಾಣುವಂತೆ ನಗುತ್ತಿದ್ದಳು. ವಾರದ ದಿನಗಳನ್ನು ಹಿಂದಿನಿಂದ ಕೇಳಿದೆ. ಶುಕ್ರವಾರದ ಹತ್ತಿರ ಸ್ವಲ್ಪ ತಡೆದರು, ಆಮೇಲೆ ಸರಸರ ಸೋಮವಾರದ ತನಕ ಬಂದರು. ಕಲ್ಲು ತೇಲುತ್ತದೆಯೇ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ತಲಿ ನೆಟ್ಟಗೈತೇನವಾ?" ಎಂದರು. ನಾಲ್ವರೂ ಹೋ ಎಂದು ನಕ್ಕರು, ಪರದೆಯ ಆಚೆಯಿಂದ ಹರಿಗೋಲಿನ ಯಜಮಾನರೂ ನಕ್ಕರು. ನನಗೆ ಮೈಮೇಲಿನ ಭಾರ ಇಳಿದಂತಾಯಿತು. ಹುಡುಗಿಯನ್ನು ಹತ್ತಿರ ಎಳೆದುಕೊಂಡು, ನೀನು ಅಂದು ನನ್ನ ಮಾತು ಕೇಳಿ ಹೋಗಿದ್ದರೆ ಏನಾಗುತ್ತಿತ್ತು ಎಂದೆ. ಅವಳು, "ಹೋಗಬೇಕಂತನ ಮಾಡಿದ್ದೆ ಅಕ್ಕಾರ, ಕಾಲ ಏಳಲಿಲ್ಲ" ಎಂದಳು.

ಮರುದಿನ ಮಧ್ಯಾಹ್ನ ಡ್ಯೂಟಿ ಮುಗಿಸಿ ಅಜ್ಜಿಯ ಹತ್ತಿರ ಹೋದೆ. ಸೊಸೆ ಅಂಗಳಕ್ಕೆ ಹೋಗಿದ್ದಳು, ಅಜ್ಜಿ ಒಬ್ಬರೇ ಕಿಟಕಿಯ ಬಳಿ ಕೂತಿದ್ದರು. ಮೂರು ದಿನ ನಿಮ್ಮನ್ನು ಸರಿಯಾಗಿ ನೋಡಲಿಲ್ಲ, ತಪ್ಪಾಯಿತು ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಸಿಕೊಂಡರೆ ಹಗುರಾಗುತ್ತೇನೆ ಎಂದೂ ಇತ್ತು. ಅವರು ಬೈಯಲಿಲ್ಲ. ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಎಲ್ಲಾ ನೆನಪಿಲ್ಲವಾ. ನೀವೆಲ್ಲಾ ಬರ್ತಿದ್ರಿ, ಅಷ್ಟ ಗೊತ್ತು. ಯಾರಂತ ತಿಳೀತಿರಲಿಲ್ಲ. ಬಾಳ ಹೆದರಿಕಿ ಆಗ್ತಿತ್ತು. ಏನೋ ಕೇಳ್ತಿದ್ರಿ, ನಾ ಹೂಂ ಅಂತಿದ್ದೆ. ಹೂಂ ಅಂದ ಕೂಡ್ಲೇ ನೀವು ಹೊಂಟ ಬಿಡ್ತಿದ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ಹೋಗಬ್ಯಾಡ್ರಿ ಅನ್ನಾಕ ಏನ್ ಅನ್ನಬೇಕಂತ ನನಗ ತಿಳೀಲಿಲ್ಲವಾ."

ಪಕ್ಕದ ಸ್ಟೂಲ್ ಎಳೆದುಕೊಂಡು ಕೂತೆ. ಅವರ ಕೈ ನನ್ನ ಕೈಯಲ್ಲಿತ್ತು, ಏನೂ ಕೇಳಲಿಲ್ಲ. ಅಂದು ರಾಣೆಬೆನ್ನೂರಿನ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹೋದೆ.